ಗೇಮ್ ಕನ್ಸೋಲ್ ರೇಟು ಇಳಿಯಲಿ ಅಂತ ಕಾಯುತ್ತಿದ್ದೀರಾ? ಮೊದಲು ಈ ಲೆಕ್ಕ ನೋಡಿ

ಹೋದ ಸಲ ತೀರ್ಥಹಳ್ಳಿಗೆ ಹೋದಾಗ ಅಕ್ಕನ ಮಗ ಜಗಲಿಯಲ್ಲೇ ಹಿಡಿದುಕೊಂಡ. "ಮಾವ, ಪಿಎಸ್5 ರೇಟು ಇನ್ನೊಂದು ವರ್ಷಕ್ಕೆ ಇಳಿಯುತ್ತೆ ಅಲ್ವಾ? ಕಾಯೋಣ ಅಂತಿದಾರೆ ಅಪ್ಪ." ಪಿಎಸ್5 ಅಂದರೆ ಪ್ಲೇಸ್ಟೇಷನ್ 5, ಟಿವಿಗೆ ಜೋಡಿಸಿ ಆಡುವ ಸೋನಿ ಕಂಪನಿಯ ಗೇಮ್ ಕನ್ಸೋಲ್. ಭಾವ ಒಳಗಿಂದಲೇ ಹೇಳಿದರು, "ಎಲೆಕ್ಟ್ರಾನಿಕ್ ಸಾಮಾನು ಅಲ್ವೇನೋ, ದಿನ ಹೋದ ಹಾಗೆ ಅಗ್ಗ ಆಗೇ ಆಗುತ್ತೆ. ನಮ್ಮನೆ ಟಿವಿ ಆಗ್ಲಿಲ್ವಾ?"

ಭಾವನ ಮಾತು ಸುಳ್ಳಲ್ಲ. ಟಿವಿಯಲ್ಲಿ ಅವರು ಕಂಡಿದ್ದು ಅದನ್ನೇ. ಕನ್ಸೋಲ್ ವಿಷಯದಲ್ಲೂ 2020ರ ತನಕ ಅದು ನಿಜವೇ ಆಗಿತ್ತು. ಆಮೇಲೆ ಗಾಳಿ ತಿರುಗಿತು. ನಾನೂ ಅದೇ ನಂಬಿಕೆಯಲ್ಲಿ 2021ರಲ್ಲಿ ಸುಮ್ಮನೆ ಕೂತವನು. ಆಗ ಡಿಸ್ಕ್ ಹಾಕುವ ಪಿಎಸ್5 ಬೆಲೆ 49,990 ರೂಪಾಯಿ. ಎರಡು ವರ್ಷ ಕಾದು, 2023ರ ಶುರುವಿನಲ್ಲಿ ಶಿವಮೊಗ್ಗದ ಅಂಗಡಿಯೊಂದಕ್ಕೆ ಹೋದೆ. ಬ್ಯಾಂಕಿನಿಂದ ತಂದ ಐವತ್ತು ಸಾವಿರ ಕವರಿನಲ್ಲಿತ್ತು. ಅದೇ ಯಂತ್ರ, ಅದೇ ಡಬ್ಬಿ. ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಮಾತ್ರ 54,990. ಉಳಿದ ದುಡ್ಡನ್ನು ಅಲ್ಲೇ ನಿಂತು ಫೋನಿನಿಂದ ಕಳಿಸಿದೆ. ಎರಡು ವರ್ಷ ಕಾದಿದ್ದಕ್ಕೆ ಐದು ಸಾವಿರ ಜಾಸ್ತಿ ಬಿತ್ತು.

ಅವತ್ತಿನಿಂದ ಕನ್ಸೋಲ್ ರೇಟು ಬರೆದಿಡುತ್ತಾ ಬಂದಿದ್ದೇನೆ, ಭಾವ ಅಡಿಕೆ ಧಾರಣೆ ಬರೆದಿಡುವ ಹಾಗೆ. ಜಗಲಿಯಲ್ಲಿ ಕೂತು ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಂತ್ರಕ್ಕಾಗಿ ವರ್ಷಗಟ್ಟಲೆ ಕಾಯಬೇಡಿ, ರಿಯಾಯಿತಿಯ ವಾರಕ್ಕೆ ಕಾಯಿರಿ. ಇನ್ನೂ ತಾಳ್ಮೆ ಇದ್ದರೆ ಅದನ್ನು ಆಟಗಳಿಗೆ ಇಟ್ಟುಕೊಳ್ಳಿ, ಅವುಗಳ ರೇಟು ನಿಜವಾಗಿಯೂ ಇಳಿಯುತ್ತದೆ.

ಹೆಜ್ಜೆ 1: ಆಗ ಯಾಕೆ ಇಳಿಯುತ್ತಿತ್ತು, ಈಗ ಯಾಕೆ ಇಳಿಯುತ್ತಿಲ್ಲ ಅಂತ ತಿಳಿದುಕೊಳ್ಳಿ

ಇದು ಗೊತ್ತಿಲ್ಲದಿದ್ದರೆ ಮುಂದಿನ ಯಾವ ಹೆಜ್ಜೆಯೂ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಹಳೇ ರೇಟು ನೋಡಿ. ಪಿಎಸ್2 ಅಮೆರಿಕದಲ್ಲಿ 2000ದಲ್ಲಿ ಬಂದಾಗ 299 ಡಾಲರ್. 2002ಕ್ಕೆ 199, 2009ಕ್ಕೆ 99. ಪಿಎಸ್3ರ ದೊಡ್ಡ ಮಾದರಿ 2006ರ ನವೆಂಬರ್‌ನಲ್ಲಿ 599 ಡಾಲರ್ ಇತ್ತು. ಮೂರು ವರ್ಷ ತುಂಬುವ ಮೊದಲೇ, 2009ರ ಸೆಪ್ಟೆಂಬರ್‌ನಲ್ಲಿ, ತೆಳು ಮಾದರಿ 299ಕ್ಕೆ ಬಂತು. ಪಿಎಸ್4 2013ರಲ್ಲಿ 399, 2016ರಲ್ಲಿ 299. ನಿಂಟೆಂಡೊ ಕಂಪನಿಯ 3ಡಿಎಸ್, ಕೈಯಲ್ಲಿ ಹಿಡಿದು ಆಡುವ ಯಂತ್ರ, ಅದರ ಕಥೆ ಇನ್ನೂ ಜೋರು. 2011ರ ಮಾರ್ಚ್‌ನಲ್ಲಿ 249.99 ಡಾಲರ್, ಆಗಸ್ಟ್‌ಗೆ 169.99. ಐದೇ ತಿಂಗಳು! ಮೊದಲೇ ಕೊಂಡವರನ್ನು ಸಮಾಧಾನ ಮಾಡಲು ಕಂಪನಿ 20 ಹಳೇ ಆಟಗಳನ್ನು ಬಿಟ್ಟಿ ಕೊಟ್ಟಿತು. ಆ ಕಾಲದಲ್ಲಿ ಆತುರ ಮಾಡಿದವನ ಜೇಬಿಗೆ ಕತ್ತರಿ ಬೀಳುತ್ತಿತ್ತು.

ಈಗಿನದು ನೋಡಿ. ಪಿಎಸ್5 2020ರಲ್ಲಿ 499 ಡಾಲರ್. 2025ರ ಆಗಸ್ಟ್‌ನಲ್ಲಿ 549 ಆಯಿತು. ಮೈಕ್ರೋಸಾಫ್ಟಿನ ಕನ್ಸೋಲ್ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 499 ಇದ್ದದ್ದು 2025ರ ಮೇ ತಿಂಗಳಲ್ಲಿ 599, ಅದೇ ಅಕ್ಟೋಬರ್‌ನಲ್ಲಿ 649. ನಿಂಟೆಂಡೊ ಸ್ವಿಚ್ 2017ರಲ್ಲಿ 299.99ಕ್ಕೆ ಬಂದ ಯಂತ್ರ. ಎಂಟು ವರ್ಷ ಹಳೆಯದಾದ ಮೇಲೆ, ಅದರ ಮುಂದಿನ ಮಾದರಿಯೂ ಬಂದ ಮೇಲೆ, 339.99 ಆಯಿತು. ಹಳೇ ಎತ್ತಿಗೆ ಕರುವಿಗಿಂತ ಜಾಸ್ತಿ ಬೆಲೆ ಕಟ್ಟಿದ ಹಾಗಲ್ಲವಾದರೂ, ವಯಸ್ಸಾದಂತೆ ಬೆಲೆ ಏರಿದ್ದಂತೂ ನಿಜ.

ಇದಕ್ಕೆ ದೊಡ್ಡ ಕಾರಣ ಯಂತ್ರದ ಒಳಗಿನ ಎಲೆಕ್ಟ್ರಾನಿಕ್ ಚಿಪ್ಪು. ಚಿಪ್ಪುಗಳನ್ನು ಸಿಲಿಕಾನಿನ ದುಂಡು ತಟ್ಟೆಯ ಮೇಲೆ ಮಾಡುತ್ತಾರೆ. ಸಣ್ಣ ಚಕ್ಕುಲಿ ಒತ್ತಿದರೆ ಅದೇ ಬಾಣಲೆಯಲ್ಲಿ ಜಾಸ್ತಿ ಹಿಡಿಯುತ್ತದೆ ಅಲ್ವಾ? ಹಾಗೆಯೇ ಚಿಪ್ಪು ಸಣ್ಣದಾದಷ್ಟೂ ಒಂದು ತಟ್ಟೆಯಲ್ಲಿ ಜಾಸ್ತಿ ಬರುತ್ತಿದ್ದವು, ಒಂದೊಂದರ ಖರ್ಚು ಇಳಿಯುತ್ತಿತ್ತು. ಕರೆಂಟು ಕಮ್ಮಿ ಸಾಕು, ಫ್ಯಾನು ಸಣ್ಣದು ಸಾಕು, ಡಬ್ಬಿಯೂ ತೆಳುವಾಗುತ್ತಿತ್ತು. ತೆಳು ಮಾದರಿ ಬಂತು ಅಂದರೆ ರೇಟು ಇಳಿಯಿತು ಅಂತಲೇ ಲೆಕ್ಕ. ಈಗಲೂ ಚಿಪ್ಪು ಸಣ್ಣದಾಗುತ್ತಿದೆ. ಆದರೆ ಹಾಗೆ ಸಣ್ಣದು ಮಾಡುವ ಕೆಲಸವೇ ವಿಪರೀತ ದುಬಾರಿ ಆಗಿದೆ. ಉಳಿತಾಯ ಅಲ್ಲೇ ಕರಗಿಹೋಗುತ್ತದೆ. ಪಿಎಸ್5ರ ತೆಳು ಮಾದರಿ ನಮ್ಮಲ್ಲಿಗೆ 2024ರ ಏಪ್ರಿಲ್‌ನಲ್ಲಿ ಬಂದಾಗ ರೇಟು ಅದೇ 54,990 ಇತ್ತು, ಒಂದು ರೂಪಾಯಿ ಇಳಿದಿರಲಿಲ್ಲ.

ಇದರ ಜೊತೆ ಮೆಮೊರಿ ಚಿಪ್ಪಿನ ಬೆಲೆ. ಪಿಎಸ್5ರಲ್ಲಿ 16 ಜಿಬಿ ಮೆಮೊರಿ ಇದೆ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಬೇಡಿಕೆ ಏರಿ, ಎಲ್ಲ ಕಡೆ ಅದರ ರೇಟು ಏರಿತು. ಅಮೆರಿಕದಲ್ಲಿ ಆಮದು ಸುಂಕದ ಪೆಟ್ಟೂ ಸೇರಿತು.

ನಮ್ಮ ಪಾಲಿಗೆ ಇನ್ನೂ ಒಂದು ತಾಪತ್ರಯ, ರೂಪಾಯಿ. 2021ರ ಶುರುವಿನಲ್ಲಿ ಡಾಲರಿಗೆ 73 ರೂಪಾಯಿ ಆಸುಪಾಸು ಇತ್ತು. 2022ರ ಅಕ್ಟೋಬರ್‌ಗೆ 82 ದಾಟಿತು. ಆ ವರ್ಷದ ಕೊನೆಯಲ್ಲೇ ಇಲ್ಲಿ ಪಿಎಸ್5 ರೇಟು ಐದು ಸಾವಿರ ಏರಿದ್ದು. ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿಯೂ 39,990ರಿಂದ 44,990ಕ್ಕೆ ಹೋಯಿತು. ಹೊರಗಿಂದ ಬರುವ ಯಂತ್ರ ಇದು. ಡಾಲರ್ ಏರಿದರೆ ನಮ್ಮ ಮನೆ ಬಾಗಿಲಲ್ಲೂ ಏರುತ್ತದೆ.

ತೆರಿಗೆ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದಾಗ ಕನ್ಸೋಲೂ ಅಗ್ಗ ಆಯಿತು ಅಂತ ತುಂಬಾ ಜನ ತಿಳಿದರು. ಇಳಿದದ್ದು 32 ಇಂಚಿಗಿಂತ ದೊಡ್ಡ ಟಿವಿಗಳ ತೆರಿಗೆ, ಶೇ 28ರಿಂದ 18ಕ್ಕೆ. ಕನ್ಸೋಲ್ 2019ರ ಜನವರಿಯಲ್ಲೇ 28ರಿಂದ 18ಕ್ಕೆ ಬಂದಿತ್ತು. ಹೊಸ ಟಿವಿಯೂ ಬೇಕು ಅನ್ನುವವರಿಗೆ ಇದು ಅನುಕೂಲ, ಕನ್ಸೋಲ್ ಮಾತ್ರ ಸಾಕು ಅನ್ನುವವರಿಗೆ ಏನೂ ಬದಲಾಗಿಲ್ಲ.

ಹೆಜ್ಜೆ 2: ಧಾರಣೆ ಪುಸ್ತಕ ಇಡಿ

ಅಡಿಕೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು ಅಂತ ಅಡಿಕೆಯ ಒಂದೊಂದು ಬಗೆಯ ರೇಟು ದಿನಾ ನೋಡಿಯೇ ಮಾಲು ಮಂಡಿಗೆ ಕಳಿಸುತ್ತೀರಿ. ಒಂದು ಕ್ವಿಂಟಾಲ್ ರಾಶಿ ಅಡಿಕೆಗೆ ಈಚಿನ ವರ್ಷಗಳಲ್ಲಿ ಸಿಗುತ್ತಿರುವ ಬೆಲೆ ಹೆಚ್ಚೂಕಡಿಮೆ ಒಂದು ಪಿಎಸ್5 ಬೆಲೆಯೇ. ಒಂದು ಕ್ವಿಂಟಾಲ್ ಮಾರುವಾಗ ಎಷ್ಟು ಯೋಚನೆ ಮಾಡುತ್ತೀರೋ, ಇದನ್ನು ಕೊಳ್ಳುವಾಗಲೂ ಅಷ್ಟೇ ಮಾಡಿ.

ಒಂದು ಹಳೇ ನೋಟ್‌ಬುಕ್ ಸಾಕು. ವಾರಕ್ಕೊಮ್ಮೆ ಮೂರು ರೇಟು ಬರೆಯಿರಿ. ಕಂಪನಿ ಹೇಳಿದ ರೇಟು, ಆನ್‌ಲೈನಿನಲ್ಲಿ ಮತ್ತು ಅಂಗಡಿಯಲ್ಲಿ ನಿಜಕ್ಕೂ ಸಿಗುವ ರೇಟು, ಸೆಕೆಂಡ್ ಹ್ಯಾಂಡ್ ರೇಟು. ಎರಡು ತಿಂಗಳು ಬರೆದರೆ ನಿಮಗೇ ಗೊತ್ತಾಗುತ್ತದೆ. ಕಂಪನಿ ರೇಟು ಕದಲುವುದೇ ಅಪರೂಪ. ಕದಲುವುದು ನಡುವಿನದು. ಅದೂ ಕೆಲವೇ ವಾರ.

ನನ್ನ ಪುಸ್ತಕದಿಂದಲೇ ಒಂದು ಉದಾಹರಣೆ. ನಾನು 54,990 ಕೊಟ್ಟ ವರ್ಷವೇ, 2023ರ ನಡುವಿನಲ್ಲಿ, ಕಂಪನಿಯೇ ಬೇಸಿಗೆ ರಿಯಾಯಿತಿ ಅಂತ 7,500 ಕಡಿಮೆ ಮಾಡಿತು. ರೇಟು 47,490. ಬಿಡುಗಡೆಯಾದ ದಿನದ ರೇಟಿಗಿಂತಲೂ ಕಮ್ಮಿ! ಎರಡು ವಾರ ಇತ್ತು, ಮತ್ತೆ ಮೇಲೆ ಹೋಯಿತು. ಎರಡು ವರ್ಷ ಕಾದು ನಾನು ಕಳೆದುಕೊಂಡಿದ್ದು ಐದು ಸಾವಿರ. ಇನ್ನು ಕೆಲವು ತಿಂಗಳು ರೇಟು ನೋಡುತ್ತಾ ಇದ್ದಿದ್ದರೆ ಏಳೂವರೆ ಸಾವಿರ ಉಳಿಯುತ್ತಿತ್ತು.

ಪುಸ್ತಕದಿಂದ ಇನ್ನೊಂದು ಉಪಯೋಗ ಇದೆ. "ಭಾರಿ ಡಿಸ್ಕೌಂಟ್" ಅಂತ ಬೋರ್ಡು ಕಂಡಾಗ ಹಿಂದಿನ ಪುಟ ತಿರುಗಿಸಿ. ಅದು ನಿಜವಾದ ಇಳಿಕೆಯೋ, ಹೋದ ತಿಂಗಳ ರೇಟನ್ನೇ ಹೊಸ ಬಣ್ಣದಲ್ಲಿ ಬರೆದಿದ್ದಾರೋ ಅಂತ ತಕ್ಷಣ ತಿಳಿಯುತ್ತದೆ.

ಹೆಜ್ಜೆ 3: ಯಾವ ತಿಂಗಳು ಅಂತ ಗುರುತು ಹಾಕಿಕೊಳ್ಳಿ

ರಿಯಾಯಿತಿ ಬರುವ ಕಾಲ ಹೆಚ್ಚೂಕಡಿಮೆ ಗೊತ್ತಿರುವಂಥದ್ದೇ. ದಸರಾದಿಂದ ದೀಪಾವಳಿ ತನಕದ ಆನ್‌ಲೈನ್ ಮಾರಾಟ ದೊಡ್ಡದು. ಜನವರಿ 26ರ ಹಿಂದೆ ಮುಂದೆ ಇನ್ನೊಂದು. ಮೇ ಕೊನೆಯಿಂದ ಜೂನ್ ನಡುವಿನ ತನಕ ಪ್ಲೇಸ್ಟೇಷನ್‌ನವರು ಪ್ರತಿ ವರ್ಷ 'ಡೇಸ್ ಆಫ್ ಪ್ಲೇ' ಮಾಡುತ್ತಾರೆ. ನವೆಂಬರ್ ಕೊನೆಯ 'ಬ್ಲ್ಯಾಕ್ ಫ್ರೈಡೇ'ಯಲ್ಲೂ ಏನಾದರೂ ಇರುತ್ತದೆ.

ನಮ್ಮ ಕಡೆಯವರಿಗೆ ಇಲ್ಲೊಂದು ತೊಡಕಿದೆ. ಒಳ್ಳೇ ರಿಯಾಯಿತಿ ಬರುವುದು ದೊಡ್ಡಹಬ್ಬದ, ಅಂದರೆ ದೀಪಾವಳಿಯ, ಹೊತ್ತಿಗೆ. ಆಗ ತೋಟದಲ್ಲಿ ಅಡಿಕೆ ಗೊನೆಯ ಕೊಯ್ಲು ಶುರುವಾಗಿರುತ್ತದೆ ಅಷ್ಟೇ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಾರಿ ದುಡ್ಡು ಕೈಗೆ ಬರುವಾಗ ಹೊಸ ವರ್ಷ ಬಂದಿರುತ್ತದೆ. ದುಡ್ಡಿದ್ದಾಗ ರಿಯಾಯಿತಿ ಇಲ್ಲ, ರಿಯಾಯಿತಿ ಇದ್ದಾಗ ಕೈಯಲ್ಲಿ ಕೂಲಿ ಖರ್ಚು. ಅದಕ್ಕೇ ಭಾವನಿಗೆ ಹೇಳಿದೆ, ಈ ಸಲದ ಅಡಿಕೆ ದುಡ್ಡಿನಲ್ಲೇ ಒಂದು ಪಾಲು ತೆಗೆದು ಪಕ್ಕಕ್ಕಿಡಿ. ಮೇ-ಜೂನಿನ ಮಾರಾಟದಲ್ಲಿ ರೇಟು ಬಂದರೆ ಆಗಲೇ. ಬಾರದಿದ್ದರೆ ದೊಡ್ಡಹಬ್ಬಕ್ಕೆ. ಅದರಾಚೆ ಕಾಯುವುದು ಬೇಡ.

ಇಎಂಐ ಮೇಲೆ ತಗೊಳ್ಳುವವರಿಗೆ ಒಂದು ಎಚ್ಚರಿಕೆ. 'ಬಡ್ಡಿ ಇಲ್ಲದ ಇಎಂಐ' ಅಂದರೂ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟು ದುಡ್ಡನ್ನು ಅಂಗಡಿಯವರು ಮೊದಲೇ ಬೆಲೆಯಲ್ಲಿ ಕಳೆದಿರುತ್ತಾರೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ಮಾತ್ರ ನಿಮ್ಮ ತಲೆಗೇ ಬರುತ್ತದೆ. ಜೊತೆಗೆ ಪ್ರೊಸೆಸಿಂಗ್ ಫೀ ಎಷ್ಟು ಅಂತಲೂ ಕೇಳಿ.

ಹೆಜ್ಜೆ 4: ಯಂತ್ರದ ಬೆಲೆ ಬಿಡಿ, ಐದು ವರ್ಷದ ಖರ್ಚು ಕೂಡಿ

ಕನ್ಸೋಲ್ ಮಾರುವವರ ವ್ಯಾಪಾರವೇ ಬೇರೆ ಥರ. ಯಂತ್ರದಲ್ಲಿ ಲಾಭ ಕಮ್ಮಿ, ಕೆಲವು ಸಲ ನಷ್ಟವೂ ಉಂಟು. ಆಮೇಲೆ ನೀವು ಕೊಳ್ಳುವ ಆಟಗಳಲ್ಲಿ ಅವರಿಗೆ ದುಡ್ಡು. ಅವರ ಡಿಜಿಟಲ್ ಅಂಗಡಿಯಲ್ಲಿ ಒಂದು ಆಟ ಮಾರಾಟವಾದರೆ ಸಾಮಾನ್ಯವಾಗಿ ಶೇ 30ರಷ್ಟು ಅವರ ಪಾಲು. ಹಾಗಾಗಿ ನೀವು ಲೆಕ್ಕ ಹಾಕಬೇಕಾದ ಜಾಗವೂ ಆಟಗಳೇ.

ಹುಡುಗನ ಎದುರಿಗೆ ಬರೆದು ತೋರಿಸಿದ ಲೆಕ್ಕ ಇದು. ಡಿಸ್ಕ್ ಇರುವ ಪಿಎಸ್5 54,990 ಅಂತ ಹಿಡಿಯಿರಿ. ತಂಗಿಯ ಜೊತೆ ಆಡಬೇಕು, ಇನ್ನೊಂದು ಕಂಟ್ರೋಲರ್ ಬೇಕು, 5,990 ಅಂತಿಟ್ಟುಕೊಳ್ಳಿ. ದೊಡ್ಡ ಆಟ ಹೊಸದಾಗಿ ಬಂದ ವಾರ 4,999 ಅಂತ ಹಿಡಿಯಿರಿ. ವರ್ಷಕ್ಕೆ ಎರಡೇ ತಗೊಂಡರೂ ಐದು ವರ್ಷಕ್ಕೆ 49,990. ಎಲ್ಲ ಸೇರಿ 1,10,970. ಯಂತ್ರದ ಬೆಲೆಯ ಎರಡರಷ್ಟು. ಹುಡುಗ ಪೆನ್ನು ಕಚ್ಚಿಕೊಂಡು ಆ ಸಂಖ್ಯೆಯನ್ನೇ ನೋಡುತ್ತಾ ಕೂತ.

ಈಗ ಅದೇ ಹತ್ತು ಆಟಗಳನ್ನು ಬಂದ ವಾರ ಕೊಳ್ಳದೆ, ಒಂದು ವರ್ಷ ತಡೆದು ಅರ್ಧ ರೇಟಿಗೆ ಕೊಂಡರೆ? ಸುಮಾರು 25,000 ಉಳಿಯಿತು. ಯಂತ್ರದ ರೇಟು ಇಳಿಯಲಿ ಅಂತ ಎಷ್ಟು ಕಾದರೂ ಇಷ್ಟು ಉಳಿಯುವುದಿಲ್ಲ. ಪ್ಲೇಸ್ಟೇಷನ್ನಿನ, ಎಕ್ಸ್‌ಬಾಕ್ಸಿನ ಹೆಚ್ಚಿನ ಆಟಗಳು ವರ್ಷದೊಳಗೆ ಮಾರಾಟದಲ್ಲಿ ಅರ್ಧದ ಹತ್ತಿರ ಬರುತ್ತವೆ. ನಿಂಟೆಂಡೊದವರ ಸ್ವಂತ ಆಟಗಳು ಮಾತ್ರ ಇದಕ್ಕೆ ಹೊರತು, ಅವು ವರ್ಷಗಟ್ಟಲೆ ಜಗ್ಗುವುದಿಲ್ಲ. ಹುಡುಗನಿಗೆ ಕಾಯುವುದು ಕಷ್ಟ ಅಂತ ಗೊತ್ತು. ಗೆಳೆಯರೆಲ್ಲ ಆಡುವಾಗ ತಾನು ಆಡದಿರುವುದು ನೋವಿನ ವಿಷಯವೇ. ವರ್ಷಕ್ಕೆ ಒಂದು ಆಟ ಮಾತ್ರ ಬಂದ ದಿನವೇ ತಗೋ, ಉಳಿದದ್ದಕ್ಕೆ ಕಾಯಿ ಅಂತ ಒಪ್ಪಿಸಿದೆ.

ತಿಂಗಳ ಚಂದಾ ಕೂಡ ಲೆಕ್ಕಕ್ಕೆ ಬರಲಿ. ದುಡ್ಡು ಕೊಟ್ಟು ಕೊಂಡ ಆಟವನ್ನು ಆನ್‌ಲೈನಿನಲ್ಲಿ ಬೇರೆಯವರ ಜೊತೆ ಆಡಲು ಸಾಮಾನ್ಯವಾಗಿ ಚಂದಾ ಬೇಕು. ಫೋರ್ಟ್‌ನೈಟ್, ರಾಕೆಟ್ ಲೀಗ್ ಥರದ ಬಿಟ್ಟಿ ಆಟಗಳಿಗೆ ಬೇಡ. ಚಂದಾ ದರವೂ ನಿಂತಲ್ಲಿ ನಿಲ್ಲುವುದಿಲ್ಲ. ಎಕ್ಸ್‌ಬಾಕ್ಸಿನ ಗೇಮ್ ಪಾಸ್ ಅಲ್ಟಿಮೇಟ್ ಅಮೆರಿಕದಲ್ಲಿ ತಿಂಗಳಿಗೆ 19.99 ಡಾಲರ್ ಇದ್ದದ್ದು 2025ರ ಅಕ್ಟೋಬರ್‌ನಲ್ಲಿ ಒಂದೇ ಸಲಕ್ಕೆ 29.99 ಆಯಿತು. 'ಚಂದಾ ಕಟ್ಟಿದರೆ ಆಟವೇ ಕೊಳ್ಳಬೇಕಿಲ್ಲ' ಅನ್ನುವ ಮಾತು ನಂಬಿ ಅಗ್ಗದ ಯಂತ್ರ ಕೊಂಡವರಿಗೆ ಅದು ದೊಡ್ಡ ಪೆಟ್ಟು.

ಹೆಜ್ಜೆ 5: ಡಿಸ್ಕ್ ಬೇಕಾ, ಬೇಡವಾ?

ಡಿಜಿಟಲ್ ಮಾದರಿ 2024ರಲ್ಲಿ ಹತ್ತು ಸಾವಿರ ಕಮ್ಮಿ ಇತ್ತು. ಮೊದಲ ನೋಟಕ್ಕೆ ಅದೇ ಲಾಭ ಅನ್ನಿಸುತ್ತದೆ. ಆದರೆ ಮಲೆನಾಡಿನಲ್ಲಿ ಇರುವವರಿಗೆ ನಾನು ಡಿಸ್ಕ್ ಮಾದರಿಯನ್ನೇ ಹೇಳುತ್ತೇನೆ. ಡಿಸ್ಕ್ ಆದರೆ ಆಡಿ ಮುಗಿಸಿ ಮಾರಬಹುದು, ಗೆಳೆಯನ ಜೊತೆ ಬದಲಾಯಿಸಿಕೊಳ್ಳಬಹುದು, ಹಳೆಯದನ್ನು ಅರ್ಧ ಬೆಲೆಗೆ ಕೊಳ್ಳಬಹುದು. ಒಂದೊಂದರಲ್ಲಿ ಎರಡೂವರೆ ಸಾವಿರ ಉಳಿದರೂ ನಾಲ್ಕು ಡಿಸ್ಕಿಗೆ ಆ ಹತ್ತು ಸಾವಿರ ವಾಪಸ್ ಬಂತು. ಪಿಎಸ್4ರ ಹಳೇ ಡಿಸ್ಕುಗಳೂ ಬಹುಪಾಲು ಪಿಎಸ್5ರಲ್ಲಿ ಓಡುತ್ತವೆ. ಅವು ಇನ್ನೂ ಅಗ್ಗ.

ಇನ್ನೊಂದು ಕಾರಣ ಇಂಟರ್ನೆಟ್ಟು. ಈಗಿನ ದೊಡ್ಡ ಆಟ 50ರಿಂದ 100 ಜಿಬಿ ಇರುತ್ತದೆ. ಶಿವಮೊಗ್ಗದ ವಿನೋಬನಗರದಲ್ಲಿ ಫೈಬರ್ ಇರುವ ಮನೆಗೆ ಇದು ಒಂದು ರಾತ್ರಿಯ ಕೆಲಸ. ಹೊಸನಗರದ ಒಳಗಿನ ಒಂಟಿಮನೆಗೆ, ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಲೈನು ಇಲ್ಲದ ಕಡೆಗೆ, ಅದು ಬೇರೆಯೇ ಮಾತು. ಡಿಸ್ಕ್ ಇದ್ದರೂ ಅಪ್‌ಡೇಟ್ ಇಳಿಸಿಕೊಳ್ಳಬೇಕಾಗುತ್ತದೆ, ನಿಜ. ಆದರೆ ಆಟದ ಹೆಚ್ಚಿನ ಭಾಗ ಡಿಸ್ಕಿನಿಂದಲೇ ಬರುತ್ತದೆ.

ತೆಳು ಮಾದರಿಯ ಡಿಜಿಟಲ್ ಯಂತ್ರಕ್ಕೆ ಆಮೇಲೆ ಡಿಸ್ಕ್ ಡ್ರೈವ್ ಜೋಡಿಸಬಹುದು. ಆದರೆ ಡ್ರೈವ್ ನಿಮ್ಮ ಕಡೆ ಸಿಗುತ್ತಾ, ಎಷ್ಟಕ್ಕೆ ಸಿಗುತ್ತೆ ಅಂತ ಯಂತ್ರ ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 6: ಸೆಕೆಂಡ್ ಹ್ಯಾಂಡ್ ಆದರೆ ಒಂದು ಗಂಟೆ ಕೂತು ನೋಡಿ

ಹೊಸದರ ರೇಟು ಇಳಿಯದಿದ್ದರೆ ಹಳೆಯದರ ರೇಟೂ ಗಟ್ಟಿಯಾಗಿ ನಿಲ್ಲುತ್ತದೆ. ಮೊದಲೆಲ್ಲ ಮೂರು ವರ್ಷದ ಕನ್ಸೋಲ್ ಅರ್ಧಕ್ಕಿಂತ ಕಮ್ಮಿಗೆ ಸಿಗುತ್ತಿತ್ತು. ಈಗ ಮಾರುವವರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನನ್ನ ಅಳತೆ ಇಷ್ಟೇ: ರಿಯಾಯಿತಿಯ ಹೊಸ ರೇಟಿಗೂ ಹಳೆಯದಕ್ಕೂ ಹದಿನೈದು ಸಾವಿರದಷ್ಟು ಅಂತರ ಇಲ್ಲದಿದ್ದರೆ ಹೊಸದೇ ತಗೊಳ್ಳಿ. ಒಂದು ವರ್ಷದ ವಾರಂಟಿಗೆ ಅಷ್ಟು ಬೆಲೆ ಇದೆ. ನಮ್ಮೂರಿನಲ್ಲಿ ರಿಪೇರಿ ಸುಲಭ ಅಲ್ಲ, ಕೆಟ್ಟರೆ ಬೆಂಗಳೂರಿಗೆ ಓಡಾಟ.

ಅಂತರ ಇದೆ ಅಂತಾದರೆ ನೋಡಲು ಹೋಗಿ. ಮಾರುವವರ ಮನೆಗೇ ಹೋಗಿ, ದಾರಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಭೇಟಿ ಬೇಡ. ಟಿವಿಗೆ ಹಾಕಿ ಓಡಿಸಿ ನೋಡದೆ ದುಡ್ಡು ಕೊಡಬೇಡಿ. ಮೊಬೈಲ್ ಟಾರ್ಚ್ ಮತ್ತು ಒಂದು ಡಿಸ್ಕ್ ಒಯ್ಯಿರಿ.

ಹೋದ ವರ್ಷ ಗೆಳೆಯನಿಗಾಗಿ ಒಂದು ಪಿಎಸ್5 ನೋಡಲು ಹೋಗಿದ್ದೆ. ಮೇಲಿನಿಂದ ನೋಡಿದರೆ ಹೊಸದರ ಹಾಗೆ ಫಳಫಳ. ಹಿಂದೆ ತಿರುಗಿಸಿ ಎಚ್‌ಡಿಎಂಐ ತೂತಿಗೆ, ಅಂದರೆ ಟಿವಿಗೆ ಹೋಗುವ ಕೇಬಲ್ ಸಿಕ್ಕಿಸುವ ಜಾಗಕ್ಕೆ, ಟಾರ್ಚ್ ಬಿಟ್ಟೆ. ಒಳಗಿನ ಸಣ್ಣ ಪಿನ್ನುಗಳಲ್ಲಿ ಎಡಗಡೆಯ ಎರಡು ಸ್ವಲ್ಪ ಬಾಗಿದ್ದವು. ತೂತಿನ ಅಂಚಿನ ಲೋಹದ ಮೇಲೆ ಕಂದು ಚುಕ್ಕೆ, ಉಗುರಿನಲ್ಲಿ ಕೆರೆದರೆ ಪುಡಿ ಬಂತು. ತುಕ್ಕು. ಎರಡು ಮಳೆಗಾಲ ಗೋಡೆಗೆ ತಾಗಿ ಕೂತಿದ್ದ ಯಂತ್ರ ಅದು. ಕೇಬಲ್ ಹಾಕಿ ಮೆಲ್ಲಗೆ ಅಲ್ಲಾಡಿಸಿದರೆ ಚಿತ್ರ ಹೋಗಿ ಬಂದು ಮಾಡಿತು. ನಮಸ್ಕಾರ ಹೇಳಿ ಎದ್ದು ಬಂದೆವು.

ಹಾಗಾಗಿ ಮೊದಲು ಎಚ್‌ಡಿಎಂಐ ತೂತು. ಆಮೇಲೆ ಡಿಸ್ಕ್ ಹಾಕಿ, ಅದನ್ನು ಓದುತ್ತದಾ ನೋಡಿ, ಹೊರಗೆ ಸರಿಯಾಗಿ ತಳ್ಳುತ್ತದಾ ನೋಡಿ. ಭಾರದ ಆಟ ಒಂದನ್ನು ಅರ್ಧ ಗಂಟೆ ಓಡಿಸಿ ಫ್ಯಾನಿನ ಸದ್ದು ಕೇಳಿ. ಆಟದ ನಡುವೆ ಕಂಟ್ರೋಲರಿನಿಂದ ಎರಡೂ ಹೆಬ್ಬೆರಳು ತೆಗೆದು ಸುಮ್ನೆ ಕೂತುಕೊಳ್ಳಿ. ತೆರೆಯ ಮೇಲೆ ನೋಟ ತಾನಾಗಿ ಒಂದು ಕಡೆ ಜಾರುತ್ತಿದ್ದರೆ ಸ್ಟಿಕ್ಕು ಸವೆದಿದೆ ಅಂತ ಅರ್ಥ. ಹೊಸ ಕಂಟ್ರೋಲರಿನ ಬೆಲೆಯನ್ನು ಕಳೆದು ಮಾತಾಡಿ.

ಡಬ್ಬಿಯ ಮೇಲಿನ ಸೀರಿಯಲ್ ನಂಬರ್, ಯಂತ್ರದ ಮೇಲಿನದು, ಬಿಲ್ಲಿನಲ್ಲಿರುವುದು ಮೂರೂ ತಾಳೆ ಆಗಬೇಕು. ಬಿಲ್ಲು ಇಲ್ಲ ಅಂದರೆ ನಾನಂತೂ ಬಿಟ್ಟುಬಿಡುತ್ತೇನೆ. ಮಾದರಿ ನಂಬರ್ ಸಿಎಫ್‌ಐ-1ರಿಂದ ಶುರುವಾದರೆ ಹಳೇ ದಪ್ಪ ಮಾದರಿ, ಒಳಗೆ 825 ಜಿಬಿ. ಅದರಲ್ಲಿ ನಿಮಗೆ ಸಿಗುವುದು ಸುಮಾರು 667. ಸಿಎಫ್‌ಐ-2 ಅಂದರೆ ತೆಳು ಮಾದರಿ. ಕೊನೆಗೆ ಮಾರುವವರು ತಮ್ಮ ಖಾತೆ ತೆಗೆದು, ಎಲ್ಲ ಅಳಿಸಿ ಕೊಡಲಿ. ಅವರ ಎದುರಿಗೇ ನಿಮ್ಮ ಖಾತೆ ಹಾಕಿ ಆನ್‌ಲೈನ್ ಹೋಗಿ ನೋಡಿ. ಕಂಪನಿ ನಿಷೇಧ ಹಾಕಿದ ಯಂತ್ರ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ದುಡ್ಡು ಕಮ್ಮಿ ಇದ್ದರೆ ಹಳೇ ಪಿಎಸ್4 ಕೂಡ ಒಳ್ಳೆಯದೇ. 2013ರಿಂದ ಬಂದ ಆಟಗಳೇ ವರ್ಷಗಟ್ಟಲೆ ಆಡುವಷ್ಟಿವೆ, ಡಿಸ್ಕುಗಳೂ ಅಗ್ಗ.

ಹೆಜ್ಜೆ 7: ಹೊರದೇಶದ ಪೀಸು ಅಂದರೆ ನಾಲ್ಕು ಪ್ರಶ್ನೆ ಜಾಸ್ತಿ ಕೇಳಿ

ದುಬೈಯಿಂದ ತಂದದ್ದು, ಜಪಾನಿಂದ ತಂದದ್ದು ಅಂತ ಕಮ್ಮಿ ರೇಟಿಗೆ ಹೇಳುತ್ತಾರೆ. ಕರೆಂಟಿನ ತೊಂದರೆ ಇಲ್ಲ, ಪಿಎಸ್5 ನಮ್ಮ ವೋಲ್ಟೇಜಿಗೂ ಓಡುತ್ತದೆ. ಡಿಸ್ಕುಗಳೂ ಓಡುತ್ತವೆ. ಇಲ್ಲಿ ವಾರಂಟಿ ಮಾತ್ರ ಸಿಗುವುದಿಲ್ಲ ಅಂತಲೇ ತಿಳಿಯಿರಿ. ಒಂದರ ಬಗ್ಗೆ ವಿಶೇಷ ಎಚ್ಚರ ಬೇಕು. 2025ರ ನವೆಂಬರ್‌ನಲ್ಲಿ ಜಪಾನಿನಲ್ಲಿ 55,000 ಯೆನ್ನಿಗೆ ಒಂದು ಅಗ್ಗದ ಡಿಜಿಟಲ್ ಪಿಎಸ್5 ಬಿಟ್ಟರು. ಅದರಲ್ಲಿ ಜಪಾನಿ ಭಾಷೆ ಮಾತ್ರ, ಜಪಾನಿನ ಖಾತೆ ಮಾತ್ರ. ಯಾರಾದರೂ ಅದನ್ನು ತಂದು ಇಲ್ಲಿ ಮಾರಿದರೆ ಕೊಂಡವರ ಗತಿ ಕಷ್ಟ.

ನಿಂಟೆಂಡೊ ಸ್ವಿಚ್ ಬೇಕು ಅನ್ನುವವರಿಗೆ ಬೇರೆ ದಾರಿ ಇಲ್ಲ. ಕಂಪನಿ ಅದನ್ನು ಭಾರತದಲ್ಲಿ ತಾನಾಗಿ ಮಾರುತ್ತಿಲ್ಲ, ಬರುವುದೆಲ್ಲ ಆಮದು ಮಾಡಿದವರ ಕೈಯಿಂದಲೇ. ಹಾಗಾಗಿ ಅಂಗಡಿಯಿಂದ ಅಂಗಡಿಗೆ ರೇಟು ಸಾವಿರಗಟ್ಟಲೆ ಬೇರೆ. ಶಿವಮೊಗ್ಗದಲ್ಲಿ ಕೇಳಿ, ಬೆಂಗಳೂರಿಗೆ ಹೋದಾಗ ಎಸ್‌ಪಿ ರಸ್ತೆಯಲ್ಲೂ ಕೇಳಿ, ಆಮೇಲೆ ತೀರ್ಮಾನ ಮಾಡಿ. ಅಂಗಡಿಯವರೇ ವಾರಂಟಿ ಕೊಡುತ್ತೇನೆ ಅಂದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಹೆಜ್ಜೆ 8: ಸಿಡಿಲು ಮಳೆಗೆ ಒಂದಿಷ್ಟು ದುಡ್ಡು ಎತ್ತಿಡಿ

ಬೆಲೆ ಇಳಿಯದ ಕಾಲದಲ್ಲಿ ಇರುವ ಯಂತ್ರ ಉಳಿಸಿಕೊಳ್ಳುವುದೇ ದೊಡ್ಡ ಉಳಿತಾಯ. ಕೆಟ್ಟು ಹೋದರೆ ಹೊಸದಕ್ಕೆ ಹಿಂದಿಗಿಂತ ಜಾಸ್ತಿ ಕೊಡಬೇಕು. ನಮ್ಮಲ್ಲಿ ಅದನ್ನು ಕೆಡಿಸುವವು ಎರಡು: ಏಪ್ರಿಲ್-ಮೇ ತಿಂಗಳ ಸಿಡಿಲು, ಜೂನ್ ನಂತರದ ತೇವ.

ಅಕ್ಕನ ಮನೆಯಲ್ಲೇ ಒಂದು ಸಂಜೆ ನಡೆದದ್ದು. ಮಳೆ ಇನ್ನೂ ಬಂದಿರಲಿಲ್ಲ, ಗುಡ್ಡದಾಚೆ ಗುಡುಗು ಅಷ್ಟೇ. ಟಿವಿ ಸ್ವಿಚ್ಚು ಆರಿಸಿದ್ದರು. ಆದರೆ ರೌಟರಿಗೆ ಬರುವ ತಂತಿಯನ್ನು ಯಾರೂ ತೆಗೆದಿರಲಿಲ್ಲ. ಒಂದು ಸಿಡಿಲು. ರೌಟರಿನಿಂದ ಸುಟ್ಟ ವಾಸನೆ ಬಂತು. ಅಲ್ಲಿಂದ ಲ್ಯಾನ್ ತಂತಿಯಲ್ಲಿ ಟಿವಿಗೂ ಹೋಗಿ ಟಿವಿಯ ಬೋರ್ಡು ಹೋಯಿತು. ಆವತ್ತು ಅಲ್ಲಿ ಕನ್ಸೋಲ್ ಇದ್ದಿದ್ದರೆ ಅದೂ ಹೋಗುತ್ತಿತ್ತು.

ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗು ಕಿತ್ತಿಡಿ. ಲ್ಯಾನ್ ತಂತಿ ಬೇಡ, ವೈ-ಫೈ ಬಳಸಿ. ಡಿಶ್ಶಿನ ತಂತಿಯನ್ನೂ ತೆಗೆಯಿರಿ, ಅದರಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐಯಲ್ಲಿ ಕನ್ಸೋಲಿಗೆ ದಾರಿ ಇದೆ. ಮನೆಯ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್, ಅಂದರೆ ದಿಢೀರ್ ಏರುವ ವೋಲ್ಟೇಜು ತಡೆಯುವ ಸಾಧನ, ಹಾಕಿಯೂ ಹೆಚ್ಚು ಪ್ರಯೋಜನ ಇಲ್ಲ. ಆಟದ ನಡುವೆ ಕರೆಂಟು ಹೋಗುವ ಊರಾದರೆ ಒಂದು ಸಣ್ಣ ಯುಪಿಎಸ್ ಇರಲಿ. ಆಟ ಸೇವ್ ಮಾಡಿ ಸರಿಯಾಗಿ ಆರಿಸಲು ಐದು ನಿಮಿಷ ಸಿಕ್ಕರೂ ಸಾಕು.

ಮಳೆಗಾಲದಲ್ಲಿ ಯಂತ್ರವನ್ನು ಗೋಡೆಗೆ ತಾಗಿಸಿ ಇಡಬೇಡಿ, ಒಂದು ಗೇಣು ಜಾಗ ಬಿಡಿ. ಮುಚ್ಚಿದ ಕಪಾಟಿನಲ್ಲಂತೂ ಬೇಡವೇ ಬೇಡ, ಬಟ್ಟೆಗೆ ಬೂಷ್ಟು ಹಿಡಿಯುವ ಜಾಗ ಅದು. ಆಡದಿದ್ದರೂ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಡಿಸ್ಕುಗಳನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಅದರಲ್ಲಿಡಿ. ಡಿಸ್ಕೂ ಡಬ್ಬಿಯೂ ಬಿಲ್ಲೂ ಚೆನ್ನಾಗಿದ್ದರೆ ನಾಳೆ ಮಾರುವಾಗ ನಿಮಗೂ ಒಳ್ಳೇ ರೇಟು ಸಿಗುತ್ತದೆ.

ಅಕ್ಕನ ಮಗ ಪುಸ್ತಕ ಶುರು ಮಾಡಿದ್ದಾನೆ. ಭಾವನ ಧಾರಣೆ ಪುಸ್ತಕದ ಹಿಂದಿನ ಪುಟಗಳನ್ನೇ ಕೇಳಿ ತಗೊಂಡ. ಮುಂದಿನಿಂದ ರಾಶಿ, ಬೆಟ್ಟೆ, ಗೊರಬಲು. ಹಿಂದಿನಿಂದ ಪಿಎಸ್5, ಹೊಸದು, ಹಳೆಯದು. ಭಾನುವಾರ ಸಂಜೆ ಇಬ್ಬರೂ ಕೂತು ಬರೆಯುತ್ತಾರಂತೆ, ಅಕ್ಕ ಫೋನಿನಲ್ಲಿ ಹೇಳಿದಳು.